ಸಿಂಡಿಕೇಟಿನವರಿಗೆ ತಂದ ಎರವಲು ಕುರ್ಚಿಗಳು

ನಮ್ಮ ಕಡೆ ಒಂದು ಮನೆಗೆ ಹೆಣ್ಣು ನೋಡಲು ಬರುತ್ತಾರೆಂದರೆ ಓಣಿಯ ಅರ್ಧ ಸಾಮಾನು ಆ ಮನೆ ಸೇರುತ್ತದೆ. ಎದುರು ಮನೆಯ ಜಮಖಾನೆ, ಮೂಲೆ ಮನೆಯ ಸ್ಟೀಲ್ ತಟ್ಟೆ, ಮಾಸ್ತರರ ಮನೆಯ ಕುರ್ಚಿ. ಬಂದವರಿಗೂ ಇದು ಗೊತ್ತಿರುತ್ತದೆ, ಅವರ ಮನೆಯಲ್ಲೂ ಹಾಗೆಯೇ ನಡೆದಿರುತ್ತದಲ್ಲ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಮರುದಿನ ಬೆಳಿಗ್ಗೆ ಎಲ್ಲ ತಂತಮ್ಮ ಮನೆಗೆ ಹೋಗುತ್ತವೆ. ನನ್ನನ್ನು ನೋಡಲು ಬಂದ ದಿನ ನಾನು ಉಟ್ಟ ಹಸಿರು ಸೀರೆ ಪಕ್ಕದ ಮನೆಯ ಅಕ್ಕನದು. ನಮ್ಮ ಮನೆಯವರು ಇಂದಿಗೂ ಆಗೊಮ್ಮೆ ಈಗೊಮ್ಮೆ, "ಆ ಹಸರ ಸೀರಿ ಎಲ್ಲಿಟ್ಟೀ?" ಎಂದು ಕೇಳಿ ತಾವೇ ನಗುತ್ತಾರೆ.

ಈ ಪದ್ಧತಿಯನ್ನು ವಿಶ್ವವಿದ್ಯಾಲಯಕ್ಕೆ ಹಚ್ಚಲು ಹೋಗಿ ನಾವು ಮಾಡಿಕೊಂಡ ಫಜೀತಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಶಹಾಪುರದ ಅಂಚಿನ ಸ್ನಾತಕೋತ್ತರ ಕೇಂದ್ರವೊಂದರ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ದೊಡ್ಡ ವಿಶ್ವವಿದ್ಯಾಲಯದ ಚಿಕ್ಕ ಕೂಸು ನಮ್ಮದು. ಆರು ತರಗತಿ ಕೋಣೆ, ಒಂದು ಕಚೇರಿ, ಹಳೆಯ ಉತ್ತರ ಪತ್ರಿಕೆಗಳ ಗಂಟು ತುಂಬಿದ ಒಂದು ದೊಡ್ಡ ಕೋಣೆ, ಅಂಗಳದಲ್ಲಿ ಕಟ್ಟೆ ಕಟ್ಟಿದ ಬೇವಿನ ಮರ. ಕೇಂದ್ರದ ಮುಖ್ಯಸ್ಥರಾದ ವಿಶೇಷಾಧಿಕಾರಿ ಸಾಹೇಬರು, ನಾನು, ನಿವೃತ್ತಿಗೆ ಬಂದ ಜವಾನ ಕಾಕಾ, ಇಷ್ಟೇ ನಮ್ಮ ಆಡಳಿತ.

ನಮ್ಮ ಮೇಲಿನವರು ಸಿಂಡಿಕೇಟ್. ಹೊಸದಾಗಿ ಸೇರಿದ ಹುಡುಗಿಯರು ಅದೇನೆಂದು ಕೇಳಿದರೆ, "ಮನಿ ಹಿರೇರು ಇದ್ದಂಗವ್ವ" ಎನ್ನುತ್ತೇನೆ. ಕುಲಪತಿಗಳು ನಡುವೆ ಕೂಡುತ್ತಾರೆ, ಕುಲಸಚಿವರು ಕಾಗದ ಓದುತ್ತಾರೆ, ಸುತ್ತ ಪ್ರಾಧ್ಯಾಪಕರು, ಸರ್ಕಾರ ನೇಮಿಸಿದ ನಾಲ್ಕಾರು ಜನ. ಹೊಸ ಕೋರ್ಸು ತೆರೆಯಬೇಕೆಂದರೂ ಅವರ ಮುಂದೆ ಹೋಗಬೇಕು, ಬೇವಿನ ಮರದ ಕೊಂಬೆ ಕಡಿಯಬೇಕೆಂದರೂ ಹೋಗಬೇಕು. ನಮ್ಮ ಮರದ ಕೊಂಬೆಯ ವಿಷಯ ಎರಡು ಸಭೆಗಳಲ್ಲಿ ಮುಂದಕ್ಕೆ ಹೋಯಿತು. ಮೂರನೆಯ ಸಭೆಯಲ್ಲಿ ಒಪ್ಪಿಗೆ ಬರುವ ಹೊತ್ತಿಗೆ ಗಾಳಿಯೇ ಆ ಕೊಂಬೆಯನ್ನು ಮುರಿದು ಹಾಕಿತ್ತು. ಒಪ್ಪಿಗೆಯ ಪತ್ರವನ್ನು ನಾನು ಇನ್ನೂ ಫೈಲಿನಲ್ಲಿ ಇಟ್ಟಿದ್ದೇನೆ, ಕೊಂಬೆಯ ತುಂಡಿನಿಂದ ಕಾಕಾ ಮಾಡಿದ ರೂಲು ದೊಣ್ಣೆಯ ಜೊತೆಗೆ.

ಆ ಮರದ ಕೆಳಗೇ ಈ ಕಥೆ ಶುರುವಾದದ್ದು. ಗೋಗಿಯಿಂದ ಬರುವ ಮೊದಲ ಬಸ್ಸು ನಮ್ಮ ಗೇಟಿನ ಮುಂದೆ ಎಂಟಕ್ಕೆ ನಿಲ್ಲುತ್ತದೆ. ಆಮೇಲಿನ ಬಸ್ಸು ಹಿಡಿದರೆ ಮೊದಲ ತರಗತಿ ತಪ್ಪುತ್ತದೆ. ಆದ್ದರಿಂದ ಆ ದಿಕ್ಕಿನ ಹುಡುಗಿಯರೆಲ್ಲ ಎಂಟಕ್ಕೇ ಇಳಿಯುತ್ತಾರೆ. ನಮ್ಮ ಬಾಗಿಲು ತೆರೆಯುವುದು ಹತ್ತಕ್ಕೆ. ಎರಡು ತಾಸು ಅವರು ಬೇವಿನ ಕಟ್ಟೆಯ ಮೇಲೆ ಓದುತ್ತಿದ್ದರು. ಬಿಸಿಲು ಏರಿದಂತೆ ನೆರಳು ಸರಿಯುವುದು, ನೆರಳು ಸರಿದಂತೆ ಹುಡುಗಿಯರೂ ಪುಸ್ತಕ ಎತ್ತಿಕೊಂಡು ಸರಿಯುವರು. ನಾನು ಬರುವ ಹೊತ್ತಿಗೆ ಮರದ ಕಾಲುಭಾಗ ಸುತ್ತಿರುತ್ತಿದ್ದರು.

ಅವರಲ್ಲಿ ಅರ್ಥಶಾಸ್ತ್ರ ಓದುವ ಗೋಗಿಯವಳೊಬ್ಬಳು. ತಂದೆ ಟೇಲರ್. ಮನೆಯ ದೊಡ್ಡ ಕೋಣೆಯಲ್ಲಿ ಹೊಲಿಗೆ ಯಂತ್ರ, ಮಿಕ್ಕ ಜಾಗದಲ್ಲಿ ನಾಲ್ವರು ತಂಗಿಯರು. ಅವಳಿಗೆ ಓದಲು ಸಿಗುವುದು ಈ ಎರಡು ತಾಸು ಮಾತ್ರ. ಅದು ಕೊನೆಯ ವರ್ಷ. ಒಂದು ದಿನ ಮಳೆ ಹಿಡಿದು, ಅವಳ ನೋಟ್ಸೆಲ್ಲ ತೊಯ್ದು, ಶಾಯಿ ಇಳಿದುಹೋಯಿತು. ಮರುದಿನವೇ ಒಂದು ಅರ್ಜಿ ಬರೆದು ತಂದಳು. ಗಂಟು ತುಂಬಿದ ಕೋಣೆಯನ್ನು ಖಾಲಿ ಮಾಡಿ, ಮೂವತ್ತು ಕುರ್ಚಿ, ಮೇಜು ಕೊಟ್ಟು, ಬೆಳಿಗ್ಗೆ ಎಂಟಕ್ಕೆ ತೆರೆಯುವ ಓದುವ ಕೋಣೆ ಮಾಡಬೇಕು. ಕೆಳಗೆ ಮೂವತ್ತೊಂದು ಹುಡುಗಿಯರ ಸಹಿ.

"ಮೂವತ್ತು ಕುರ್ಚಿಗಿ ಮೂವತ್ತೊಂದು ಸಹಿ ಯಾಕವ್ವ?" ಎಂದೆ.

"ದಿನಾ ಯಾರರೆ ಒಬ್ಬಾಕಿ ಬರಂಗಿಲ್ರಿ ಮೇಡಮ್ಮಾರ" ಎಂದಳು. ಲೆಕ್ಕ ಹಾಕಿಯೇ ಬರೆದಿದ್ದಳು.

ಅರ್ಜಿ ಮೇಲೆ ಹೋಯಿತು. ಸಿಂಡಿಕೇಟ್ ಅದನ್ನು ತಳ್ಳಿಹಾಕಲಿಲ್ಲ, ಒಪ್ಪಲೂ ಇಲ್ಲ. ಮೂವರು ಸದಸ್ಯರು ಸ್ಥಳ ನೋಡಿ ವರದಿ ಕೊಡಲಿ ಎಂದು ತೀರ್ಮಾನಿಸಿತು. ಪತ್ರ ಬಂದ ದಿನ ಸಾಹೇಬರು ಕುರ್ಚಿಯಲ್ಲಿ ಕೂಡಲಿಲ್ಲ, ಕೋಣೆಯಲ್ಲಿ ಅತ್ತಿಂದಿತ್ತ ನಡೆದರು.

"ಮೇಡಂ, ಅಷ್ಟ್ ದೊಡ್ಡೋರು ಬರ್ತಾರ, ಎಲ್ಲಿ ಕುಂದ್ರಸೂದು? ನಮ್ಮ ಕುರ್ಚಿ ಒಂದಕ್ಕ ಕಾಲಿಲ್ಲ, ಒಂದಕ್ಕ ಬೆನ್ನಿಲ್ಲ."

"ಅದಕ್ಯಾಕ ಚಿಂತಿ ಮಾಡ್ತೀರಿ ಸಾಹೇಬ್ರ? ಶಾಮಿಯಾನದ ಚಾಚಾ ಅದಾನಲ್ರಿ" ಎಂದ ಕಾಕಾ.

ಅಷ್ಟು ಸಾಕಾಯಿತು. ನನ್ನೊಳಗಿನ ಹೆಣ್ಣು ತೋರಿಸುವ ಮನೆಯ ಗೃಹಿಣಿ ಎದ್ದು ನಿಂತಳು. ಉತ್ತರ ಪತ್ರಿಕೆಯ ಗಂಟುಗಳನ್ನೆಲ್ಲ ನನ್ನ ಕಚೇರಿಗೆ ಸಾಗಿಸಿದೆವು. ಮೂವರಿಗೆ ಮೂರು ಕುರ್ಚಿ ಸಾಕಿತ್ತು, ಕೋಣೆ ತುಂಬಿ ಕಾಣಲೆಂದು ಚಾಚಾ ಮೂವತ್ತು ಕುರ್ಚಿ, ಐದು ಮೇಜು ಟೆಂಪೋದಲ್ಲಿ ತಂದಿಳಿಸಿ, "ಓದೋ ಬೇಟಿಗೋಳ್ ಕೆಲಸ, ಇದಕ್ಕ ಬಾಡಿಗಿ ಹಚ್ಚಿದ್ರ ನನಗ ಊಟ ಹತ್ತಂಗಿಲ್ಲ" ಎಂದು ಹೋದರು. ಪರದೆ ನನ್ನ ಮನೆಯದು. ಗೋಡೆ ಬೋಳು ಕಂಡಿತೆಂದು ಅಡುಗೆಮನೆಯ ಗಡಿಯಾರವನ್ನೂ ತಂದು ನೇತುಹಾಕಿದೆ. ಹುಡುಗಿಯರು ಬಾಗಿಲಿಗೆ ರಂಗೋಲಿ ಹಾಕಿದರು. ಗೋಗಿಯ ಹುಡುಗಿ ಒಂದು ಕುರ್ಚಿಯಲ್ಲಿ ಕೂತು, ಎದ್ದು, ಇನ್ನೊಂದರಲ್ಲಿ ಕೂತು ನೋಡಿ, ಕಿಟಕಿಯ ಪಕ್ಕದ್ದು ತನಗೆಂದು ಗೆಳತಿಯರಿಗೆ ಸಾರಿಬಿಟ್ಟಳು.

ಮೂವರು ಬಂದರು. ಒಬ್ಬರು ನಿವೃತ್ತ ಪ್ರೊಫೆಸರರು, ಕಾಗದ ಪತ್ರದಲ್ಲಿ ಬಿಗಿ. ಇನ್ನೊಬ್ಬರು ವಕೀಲರು. ಮೂರನೆಯವರು ಸುರಪುರ ಕಡೆಯ ಅಮ್ಮ, ಒಕ್ಕಲುತನದ ಮನೆಯವರು, ಸರ್ಕಾರ ನೇಮಿಸಿದ ಸದಸ್ಯೆ. ತಲೆ ತುಂಬ ಸೆರಗು, ಕಣ್ಣಿನಲ್ಲಿ ಮಾತ್ರ ಏನೋ ತುಂಟತನ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆ ಮೊಸರು ಉಂಡರು. ಉಂಡ ಮೇಲೆ ಪ್ರೊಫೆಸರರು ಎದ್ದು, ಕೋಣೆಯನ್ನು ಒಂದು ಸುತ್ತು ಹಾಕಿ, ಬೆರಳು ಮಾಡಿ ಎಣಿಸಿ, ಕಿಸೆಯಿಂದ ಪೆನ್ನು ತೆಗೆದರು.

"ಎಲ್ಲಾ ಇದೆಯಲ್ಲ! ಬಹಳ ಚೆನ್ನಾಗಿ ಇಟ್ಟಿದ್ದೀರಿ."

ಸಾಹೇಬರು ಹಿಗ್ಗಿ, "ಎಲ್ಲಾ ತಮ್ಮ ಆಶೀರ್ವಾದ ಸರ" ಎಂದರು.

ಚಹಾದ ತಟ್ಟೆ ಹಿಡಿದು ನಿಂತಿದ್ದ ನನಗೆ ಆ ಪೆನ್ನು ಏನು ಬರೆಯಲಿದೆಯೆಂದು ಆಗ ಹೊಳೆಯಿತು. ಬಾಗಿಲ ಬಳಿ ನಿಂತ ಗೋಗಿಯ ಹುಡುಗಿ ನನ್ನನ್ನೇ ನೋಡಿದಳು. ಆದರೆ ಬಂದವರ ಮುಂದೆ "ಇವು ನಮ್ಮವಲ್ಲ" ಎಂದು ಹೇಳುವ ಬಾಯಿ ನಮ್ಮ ಕಡೆಯ ಯಾವ ಗೃಹಿಣಿಗೂ ಇಲ್ಲ. ಸುರಪುರದ ಅಮ್ಮ ಒಂದು ಕುರ್ಚಿಯ ಬೆನ್ನು ಸವರಿ ನೋಡಿದರು. ಕಾರು ಹೊರಟಿತು. ಸಂಜೆ ಚಾಚಾನ ಟೆಂಪೋ ಬಂತು.

ಹದಿನೈದು ದಿನಕ್ಕೆ ವರದಿಯ ಪ್ರತಿ ಬಂತು. "ಸದರಿ ಕೋಣೆಯಲ್ಲಿ ಕುರ್ಚಿ, ಮೇಜು, ಪರದೆ, ಗೋಡೆ ಗಡಿಯಾರ ಮುಂತಾದ ಸೌಲಭ್ಯಗಳು ಈಗಾಗಲೇ ಸಮರ್ಪಕವಾಗಿದ್ದು, ಬೇಡಿಕೆಯನ್ನು ಪರಿಗಣಿಸುವ ಅಗತ್ಯ ಕಂಡುಬಂದಿಲ್ಲ." ಮುಂದಿನ ಸಭೆಯಲ್ಲಿ ಸಿಂಡಿಕೇಟ್ ಇದಕ್ಕೆ ಹೂಂ ಎಂದರೆ ಮುಗಿಯಿತು. ಗಂಟುಗಳು ಆಗಲೇ ಕೋಣೆಗೆ ಮರಳಿದ್ದವು.

ಹುಡುಗಿಗೆ ಓದಿ ಹೇಳಿದೆ. ಅಳುತ್ತಾಳೆಂದುಕೊಂಡಿದ್ದೆ. ಅವಳು ನಕ್ಕುಬಿಟ್ಟಳು, ಕಣ್ಣಲ್ಲಿ ಮಾತ್ರ ನೀರು. "ಮೇಡಮ್ಮಾರ, ನಾವು ಭಾಳ ಚಂದ ತೋರ್ಸೀವಿ. ಹುಡುಗಿ ಪಸಂದ ಬಂದಾಳ, ಲಗ್ನ ಮಾತ್ರ ಬ್ಯಾಡ ಅಂದಾರ."

ಆ ಮಾತು ನನ್ನನ್ನು ಮನೆಗೆ ಹೋದ ಮೇಲೂ ಬಿಡಲಿಲ್ಲ. ರೊಟ್ಟಿ ಬಡಿಯುವಾಗ ಹೊಳೆಯಿತು. ನಮ್ಮಲ್ಲಿ ಡೆಡ್ ಸ್ಟಾಕ್ ರಜಿಸ್ಟರ್ ಎಂಬ ಉದ್ದನೆಯ ಪುಸ್ತಕವಿದೆ. ಕೇಂದ್ರದ ಪ್ರತಿ ಬೆಂಚು, ಪ್ರತಿ ಬಾಲ್ದಿ ಅದರಲ್ಲಿ ನನ್ನ ಕೈಬರಹದಲ್ಲೇ ಇವೆ. ಆ ಪುಟ ಸುಳ್ಳು ಹೇಳುವುದಿಲ್ಲ. ಮರುದಿನ ಅದರ ಪ್ರತಿ ತೆಗೆದು, ಒಂದು ವಿವರಣೆ ಬರೆದು, ಸಾಹೇಬರ ಮುಂದಿಟ್ಟೆ.

"ಬ್ಯಾಡ್ರಿ ಮೇಡಂ, ಮರ್ಯಾದಿ ಹೋಗ್ತದ."

"ಸರ, ಬೀಗರು ಬಂದಾಗ ಎರವಲು ತಂದ ಚರಗಿ ತಾಟು ವಾಪಸ್ ಕೊಟ್ರ ಮರ್ಯಾದಿ ಹೋಗಂಗಿಲ್ರಿ. ನಮ್ದೇ ಅಂತ ಇಟ್ಕೊಂಡ್ರ ಹೋಗ್ತದ."

ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದರು, ಹಾಕಿದರು, ಮತ್ತೆ ತೆಗೆದರು. ಕೆಟ್ಟವರಲ್ಲ, ಸಂಕೋಚದ ಮನುಷ್ಯ. ಕೊನೆಗೆ ಸಹಿ ಹಾಕಿ, "ರಜಿಸ್ಟರ್ ತಗೊಂಡು ನೀವೇ ಹೋಗ್ರಿ. ನನ್ನ ಮಾರಿ ಅಲ್ಲಿ ಏಳಂಗಿಲ್ಲ" ಎಂದರು.

ಸಿಂಡಿಕೇಟ್ ಸಭೆಯ ದಿನ ನಸುಕಿನ ಬಸ್ಸಿಗೆ ಮುಖ್ಯ ಆವರಣಕ್ಕೆ ಹೋದೆ. ಚೀಲದಲ್ಲಿ ರಜಿಸ್ಟರ್, ಅದರ ಮೇಲೆ ಬುತ್ತಿ. ಸಭೆಯ ಬಾಗಿಲ ಹೊರಗೆ ನನ್ನ ಹಾಗೆಯೇ ಫೈಲು ತಬ್ಬಿಕೊಂಡ ಏಳೆಂಟು ಜನ ಕೂತಿದ್ದರು. ಹಾಸ್ಟೆಲಿನ ನೀರಿನ ಟ್ಯಾಂಕಿನವರು, ಪರೀಕ್ಷಾ ವಿಭಾಗದವರು, ಆಟದ ಮೈದಾನದವರು. ಇಡೀ ವಿಶ್ವವಿದ್ಯಾಲಯ ಬುತ್ತಿ ಕಟ್ಟಿಕೊಂಡು ಬಂದು ಆ ಬಾಗಿಲ ಮುಂದೆ ಕೂತಂತಿತ್ತು. ಟ್ಯಾಂಕಿನವರಿಗೆ ಅರ್ಧ ರೊಟ್ಟಿ ಕೊಟ್ಟೆ, ಅವರು ನನಗೆ ಮಾವಿನ ಉಪ್ಪಿನಕಾಯಿ ಕೊಟ್ಟರು. ಮಧ್ಯಾಹ್ನ ನಮ್ಮ ವಿಷಯ ಬಂತು, ಒಳಗೆ ಕರೆದರು.

ಉದ್ದನೆಯ ಮೇಜು. ನನ್ನ ವಿವರಣೆಯನ್ನು ಕುಲಸಚಿವರು ಓದಿ ಮುಗಿಸಿದ್ದರು. ಪ್ರೊಫೆಸರರ ಮುಖ ಕೆಂಪಾಗಿತ್ತು.

"ಅಂದರೆ ನಮಗೆ ಸುಳ್ಳು ತೋರಿಸಿದಿರಿ?"

ಚೀಲದಿಂದ ರಜಿಸ್ಟರ್ ತೆಗೆದು ಮೇಜಿನ ಮೇಲಿಟ್ಟೆ. "ಇಲ್ರಿ ಸರ. ತಾವು ನಿಲ್ಲಬಾರದು, ಕ್ವಾಣಿ ಬೋಳು ಕಾಣಬಾರದು ಅಂತ ತಂದೀವ್ರಿ. ಹುಡುಗ್ಯಾರಿಗಿ ಅಂತ ತಂದಿದ್ದಲ್ಲ. ತಾವು ಎಣಿಸ್ತೀರಿ ಅಂತ ನಮಗ ಗೊತ್ತಿದ್ದಿಲ್ರಿ."

ಯಾರೋ ಕಿಸಕ್ಕನೆ ನಕ್ಕರು. ನೋಡಿದರೆ ಸುರಪುರದ ಅಮ್ಮ, ಸೆರಗು ಬಾಯಿಗೆ ಹಿಡಿದಿದ್ದರು.

"ನನಗ ಅವತ್ತೇ ಗೊತ್ತಾಗಿತ್ರಿ" ಎಂದರು. "ಕುರ್ಚಿ ಬೆನ್ನಿಗಿ ಹಳದಿ ಪಟ್ಟಿ ಇತ್ತು. ನಮ್ಮ ಮಗಳ ಲಗ್ನಕ್ಕ ಬಂದಿದ್ದು ಅವೇ ಕುರ್ಚಿ."

"ಮತ್ತೆ ವರದಿಗೆ ಸಹಿ ಯಾಕೆ ಹಾಕಿದಿರಿ?" ವಕೀಲರು ತಿರುಗಿ ಕೇಳಿದರು.

"ನಾ ಎಲ್ಲಿ ಹಾಕೀನಿ? ನೋಡ್ರಿ, ನನ್ನ ಹೆಸರಿನ ಮುಂದ ಖಾಲಿ ಅದ. ಸಭಾದಾಗ ಮಾತಾಡೂಣು ಅಂತ ಬಿಟ್ಟಿದ್ದೆ."

ನಿಜವಾಗಿಯೂ ಖಾಲಿ ಇತ್ತು. ಇಬ್ಬರ ಸಹಿ ಬಂದ ಮೇಲೆ ಯಾರೂ ಮೂರನೆಯದನ್ನು ನೋಡಿರಲಿಲ್ಲ.

"ಅಲ್ಲೇ ಹೇಳಬಹುದಿತ್ತಲ್ಲ?" ಎಂದರು ಪ್ರೊಫೆಸರರು.

"ಚಲೋ ಹೇಳ್ತೀರಿ! ಉಂಡ ಮನ್ಯಾಗ ಕುಂತು, ಈ ಕುರ್ಚಿ ನಿಮ್ದೇನು ಅಂತ ಹ್ಯಾಂಗ ಕೇಳ್ಲಿ? ಎಣ್ಣಿಗಾಯಿ ನೀವು ಎರಡು ಸಲ ಹಾಕ್ಕೊಂಡ್ರಿ, ನಿಮಗಾದ್ರೂ ಬಾಯಿ ಬರ್ತಿತ್ತೇನು?"

ಕುಲಪತಿಗಳೇ ಮೊದಲು ನಕ್ಕರು. ಆಮೇಲೆ ಇಡೀ ಮೇಜು. ಪ್ರೊಫೆಸರರು ರಜಿಸ್ಟರ್ ತಮ್ಮ ಕಡೆ ಎಳೆದುಕೊಂಡರು. ಪುಟ ಪುಟವನ್ನೂ ಓದಿದರು. "ಕುರ್ಚಿ, ಹನ್ನೊಂದು. ಕಾಲು ಮುರಿದವು, ನಾಲ್ಕು. ಬೆನ್ನಿಲ್ಲದ್ದು, ಒಂದು." ಹಾಗೆ ಓದುತ್ತ ಅವರ ದನಿ ಮೆತ್ತಗಾಯಿತು. ತಾವೇ ಪೆನ್ನು ತೆಗೆದು ವರದಿಯ ಆ ಸಾಲನ್ನು ತಿದ್ದಿದರು. "ಕಾಗದ ಮೊದಲು ಕೇಳಬೇಕಾಗಿತ್ತು, ತಪ್ಪು ನನ್ನದು" ಎಂದರು. ಅಷ್ಟು ದೊಡ್ಡವರ ಬಾಯಲ್ಲಿ ಆ ಮಾತು ಕೇಳಿ ನನಗೇ ಸಂಕೋಚವಾಯಿತು. ಅರ್ಜಿ ಮಂಜೂರಾಯಿತು. ಎಂಟಕ್ಕೆ ಬಾಗಿಲು ತೆರೆಯುವ ಜವಾಬ್ದಾರಿ ಯಾರದೆಂದು ಕೇಳಿದಾಗ ನಾನು ಯೋಚಿಸದೆ ಕೈ ಎತ್ತಿದೆ. ಮನೆಗೆ ಬಂದು ಹೇಳಿದಾಗ ನಮ್ಮವರು, "ನನ್ನ ನಾಷ್ಟಾ ಯಾವ ಸಭಾದಾಗ ಮಂಜೂರ ಆಗ್ತದ?" ಎಂದರು.

ಕುರ್ಚಿಗಳು ಬಂದದ್ದು ಪರೀಕ್ಷೆಗೆ ಮೂರು ತಿಂಗಳು ಮೊದಲು. ಗೋಗಿಯ ಹುಡುಗಿ ಕಿಟಕಿಯ ಪಕ್ಕದ್ದನ್ನೇ ಹಿಡಿದಳು, ಪರೀಕ್ಷೆಯವರೆಗೂ ಬಿಡಲಿಲ್ಲ. ಈಗ ಇಲ್ಲಿಯೇ ಹತ್ತಿರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಅದೇ ಮೊದಲ ಬಸ್ಸಿಗೆ ಬಂದು ಗೇಟಿನಿಂದಲೇ ನನಗೆ ಕೈ ಬೀಸಿ ಹೋಗುತ್ತಾಳೆ.

ಒಂದೇ ಒಂದು ಕೊಸರು ಉಳಿಯಿತು. ವರದಿಯ ತಿದ್ದುಪಡಿಯಲ್ಲಿ ಕುರ್ಚಿ, ಮೇಜು, ಪರದೆ ಎಲ್ಲ ಹೊಡೆದುಹಾಕಿದರು, ಗೋಡೆ ಗಡಿಯಾರ ಮಾತ್ರ ಹಾಗೆಯೇ ಉಳಿದುಹೋಯಿತು. ಸಿಂಡಿಕೇಟ್ ಒಪ್ಪಿದ ದಾಖಲೆಯಲ್ಲಿ ಇದ್ದ ಮೇಲೆ ಗೋಡೆಯ ಮೇಲೂ ಇರಬೇಕು. ಹೀಗಾಗಿ ನನ್ನ ಅಡುಗೆಮನೆಯ ಗಡಿಯಾರವನ್ನು ನಾನೇ ನನ್ನ ಕೈಯಾರೆ ರಜಿಸ್ಟರಿಗೆ ಏರಿಸಿದೆ. ನಮ್ಮವರಿಗೆ ಬಸ್ಸು ತಪ್ಪಬಾರದೆಂದು ನಾನು ಅದನ್ನು ಯಾವಾಗಲೂ ಐದು ನಿಮಿಷ ಮುಂದೆ ಇಡುತ್ತಿದ್ದೆ. ಈಗಲೂ ಹಾಗೆಯೇ ಇದೆ. ನಮ್ಮ ಕೇಂದ್ರದ ಹುಡುಗಿಯರಿಗೆ ಸಂಜೆಯ ಬಸ್ಸು ತಪ್ಪುವುದಿಲ್ಲ.

ಹೋದ ವರ್ಷ ಅದೇ ಮೂವರು ಮತ್ತೆ ಬಂದರು, ಈ ಸಲ ಹೇಳದೆ ಕೇಳದೆ, ಬೆಳಿಗ್ಗೆ ಎಂಟೂವರೆಗೆ. ಓದುವ ಕೋಣೆಯಲ್ಲಿ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಹುಡುಗಿಯರು ಎದ್ದು ನಿಂತರು, ಪ್ರೊಫೆಸರರು ಕೈ ಸನ್ನೆಯಿಂದ ಕೂಡಿಸಿದರು. ಕಾಕಾ ನನ್ನ ಕಿವಿಯಲ್ಲಿ, "ಚಾಚಾನ ಕಡಿಂದ ಮೂರು ಕುರ್ಚಿ ತರ್ಲೇನ್ರಿ?" ಎಂದ. ಅಷ್ಟು ಮೆಲ್ಲಗೆ ಅಂದದ್ದು ಸುರಪುರದ ಅಮ್ಮನ ಕಿವಿಗೆ ಬಿತ್ತು.

"ಏ ಕಾಕಾ, ತರಬ್ಯಾಡೋ ಮಾರಾಯ! ನಮ್ಮ ಸರ್ರು ಮತ್ತ ಎಣಿಸಿಗಿಣಿಸ್ಯಾರು!"

ಮೂವರೂ ಹೋಗಿ ಬೇವಿನ ಕಟ್ಟೆಯ ಮೇಲೆ ಕೂತರು. ನನ್ನ ಬುತ್ತಿಯ ರೊಟ್ಟಿಯನ್ನೇ ಮೂರು ಪಾಲು ಮಾಡಿ ಕೊಟ್ಟೆ. ಉಣ್ಣುತ್ತ ಕೂತಂತೆ ಬಿಸಿಲು ಏರಿತು, ನೆರಳು ಸರಿಯಿತು. ಯಾರೂ ಹೇಳಲಿಲ್ಲ, ಪ್ರೊಫೆಸರರು ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಎರಡು ಗೇಣು ಪಕ್ಕಕ್ಕೆ ಸರಿದು ಕೂತರು.