ಬನಾ ಬೂಪೆಯ ದಪ್ಪ ದನಿ

ಫೆಲೀಸ್ತಾ ಕಸೊಂಡೆಯನ್ನು ವುಸಾಕಿಲೆಯ ಗಣಿ ಕೇರಿಯಲ್ಲಿ ಆ ಹೆಸರಿನಿಂದ ಕರೆದವರೇ ಕಡಿಮೆ. ಮಗಳು ಹುಟ್ಟಿದಂದಿನಿಂದ ಅವಳು ಎಲ್ಲರಿಗೂ ಬನಾ ಬೂಪೆ, ಅಂದರೆ ಬೂಪೆಯ ತಾಯಿ. ಗಂಡ ತೀರಿಕೊಂಡ ಮೇಲೆ ಬಸ್ ನಿಲ್ದಾಣದಲ್ಲಿ ವಿತುಂಬುವಾ ಕರಿದು ಮಾರುತ್ತಿದ್ದಳು. ಬಿಸಿ ಹಿಟ್ಟಿನುಂಡೆಗಳ ಘಮಕ್ಕಿಂತ ಮೊದಲೇ ಅವಳ ದನಿ ಜನರನ್ನು ಮುಟ್ಟುತ್ತಿತ್ತು. ಹೊಸಬರಾದರೆ, ಅವಳ ಬೆನ್ನ ಹಿಂದೆ ಯಾರೋ ಗಂಡಸು ನಿಂತಿರಬೇಕೆಂದು ಕತ್ತು ಚಾಚಿ ಹುಡುಕುತ್ತಿದ್ದರು. "ಗಂಟಲಲ್ಲಿ ಗೂಳಿ ಕಟ್ಟಿಕೊಂಡಿದಾಳೆ" ಎಂದು ಕೇರಿಯವರು ನಗುತ್ತಿದ್ದರು.

ಚರ್ಚಿನಲ್ಲಿ ಹಾಡು ಕಲಿಸುವ ಎಫ್ರಾಯಿಮ್ ಮೇಷ್ಟ್ರು ಅವಳನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸಿ, "ತುಟಿ ಆಡಿಸಿದ್ರೆ ಸಾಕಮ್ಮ, ದೇವರಿಗೆ ತಿಳಿಯುತ್ತೆ" ಎಂದಿದ್ದರು. ಹೈಸ್ಕೂಲಿಗೆ ಹೋಗುವ ಬೂಪೆಗಂತೂ ನಾಚಿಕೆಯೋ ನಾಚಿಕೆ. "ನನ್ನ ಗೆಳತಿಯರು ಬಂದಾಗ ನೀನು ಮಾತಾಡಬೇಡಮ್ಮ" ಅನ್ನುತ್ತಿದ್ದಳು. ತಾಯಿ ನಕ್ಕು ತಲೆಯಾಡಿಸುತ್ತಿದ್ದಳು. ಆದರೆ ಗೆಳತಿಯರು ಬಂದಾಗ ಹಿತ್ತಿಲಿಗೆ ಹೋಗಿ ಪಾತ್ರೆ ಉಜ್ಜುತ್ತ ಕೂರುತ್ತಿದ್ದಳು.

ಪಕ್ಕದ ಮನೆಯ ಲಾಕ್ಸನ್ ಗಿಟಾರು ಬಾರಿಸುತ್ತಿದ್ದ. ಅವನೂ ನಾಲ್ವರು ಗೆಳೆಯರೂ ಸೇರಿ 'ವುಸಾಕಿಲೆ ವಂಡರ್ಸ್' ಎಂಬ ಬ್ಯಾಂಡು ಕಟ್ಟಿದ್ದರು. ಮೊದಲ ರೆಕಾರ್ಡಿಗೆ ಸ್ಟುಡಿಯೋ ನಿಗದಿಯಾಗಿತ್ತು. ಆ ವಾರವೇ ಅವರ ಹಾಡುಗಾರ ರಾಜಧಾನಿ ಲುಸಾಕಾದ ದೊಡ್ಡ ಬ್ಯಾಂಡಿಗೆ ಹಾರಿಬಿಟ್ಟ. ಲಾಕ್ಸನ್ ತಲೆಯ ಮೇಲೆ ಕೈ ಹೊತ್ತು ಅಂಗಳದಲ್ಲಿ ಕೂತಿದ್ದಾಗ ಬೇಲಿಯಾಚೆ ಬನಾ ಬೂಪೆ ಬಟ್ಟೆ ಒಗೆಯುತ್ತ ತಾನೇ ಕಟ್ಟಿದ ಹಾಡು ಹೇಳುತ್ತಿದ್ದಳು:

"ಕದ ತಟ್ಟೋ ಗಂಡನೇ, ಕುಡಿದು ಬಂದೆಯೇನೋ?
ಸಂಬಳ ಮೊದಲು ಒಳಗೆ ಬರಲಿ, ಆಮೇಲೆ ನೀನು!"

ಲಾಕ್ಸನ್ ಬೇಲಿ ಹಾರಿ ಬಂದ. "ಅಮ್ಮಾ, ಇದನ್ನ ನಮಗೆ ಹಾಡಿಕೊಡಿ."

"ಹುಚ್ಚು ಹಿಡಿದಿದೆಯೇನೋ? ಚರ್ಚಿನವರು ನನ್ನ ಹೊರಗೆ ಹಾಕ್ತಾರೆ."

"ನಿಮ್ಮ ಹೆಸರೇ ಹಾಕಲ್ಲ. ಯಾರಿಗೂ ಗೊತ್ತಾಗಲ್ಲ."

ಅವಳು ಸೋಪಿನ ನೊರೆಯ ಕೈಯನ್ನು ಸೊಂಟದ ಬಟ್ಟೆಗೆ ಒರೆಸಿಕೊಂಡಳು. ಹಾಡು ಎಂದು ಯಾರಾದರೂ ಅವಳನ್ನು ಕೇಳಿಕೊಂಡಿದ್ದು ಅದೇ ಮೊದಲು. ಒಪ್ಪಿಕೊಂಡಳು.

ರೆಕಾರ್ಡು ಹೊರಬಂದಾಗ ಅದರ ಮೇಲೆ ನಾಲ್ವರು ಹುಡುಗರ ಫೋಟೊ ಮಾತ್ರ ಇತ್ತು; ಅವರಲ್ಲೇ ಒಬ್ಬ ಹಾಡಿದ್ದಾನೆಂದು ಎಲ್ಲರೂ ಎಣಿಸಿದರು. ರೇಡಿಯೊದಲ್ಲಿ ಶನಿವಾರ ಮಧ್ಯಾಹ್ನ ವಾರದ ಹತ್ತು ಮೆಚ್ಚಿನ ಹಾಡುಗಳು ಬರುತ್ತಿದ್ದವು. 'ಕದ ತಟ್ಟೋ ಗಂಡ' ಕೊನೆಯ ಸ್ಥಾನದಲ್ಲಿ ಕಾಲಿಟ್ಟು, ವಾರವಾರವೂ ಮೇಲೇರುತ್ತ, ಚಳಿ ಮುಗಿಯುವ ಹೊತ್ತಿಗೆ ಒಂದನೇ ಸ್ಥಾನದಲ್ಲಿ ಹೋಗಿ ಕೂತಿತು. ಸಂಬಳದ ದಿನ ಪಾಳಿ ಮುಗಿಸಿ ಬಂದ ಗಂಡಂದಿರನ್ನು ಬಾಗಿಲಲ್ಲೇ ತಡೆದು ಹೆಂಡಂದಿರು ಅದನ್ನೇ ಹಾಡಿದರು.

ಬನಾ ಬೂಪೆಯ ಬಾಣಲೆಯ ಮುಂದೆಯೇ ಇಬ್ಬರು ಆ ಹಾಡಿನ ಮಾತಿಗೆ ಬಿದ್ದರು.

"ಗಂಡಸಾಗಿ ಹೆಂಡತಿ ಮಾತು ಎಷ್ಟು ಚೆನ್ನಾಗಿ ಆಡ್ತಾನಯ್ಯ!"

"ಮನೇಲಿ ದಿನಾ ಬೈಸಿಕೊಳ್ತಾನೆ ಬಿಡು, ಅದಕ್ಕೇ ಬಾಯಿಪಾಠ."

ಅವಳು ನಗು ತಡೆಯಲಾರದೆ ಗಂಟಲಿಗೆ ಹೊಗೆ ಹೋದಂತೆ ಕೆಮ್ಮಿದಳು. ಆದರೆ ಮನೆಗೆ ಹೋಗುವ ದಾರಿಯಲ್ಲಿ ಯಾಕೋ ಕಣ್ಣು ತುಂಬಿತು. ಊರಿಗೆ ಊರೇ ಮೆಚ್ಚಿದ ದನಿ ತನ್ನದೆಂದು ಹೇಳುವಂತಿರಲಿಲ್ಲ. ಬ್ಯಾಂಡಿನ ಹುಡುಗರನ್ನು ಬಿಟ್ಟರೆ ಬೂಪೆಗೆ ಮಾತ್ರ ಗೊತ್ತಿತ್ತು. ಅವಳೂ ಬಾಯಿ ಬಿಟ್ಟಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಗಣಿಯ ಸಭಾಂಗಣದಲ್ಲಿ ಬ್ಯಾಂಡಿನ ಕಾರ್ಯಕ್ರಮ. ಕಾಲಿಡಲು ಜಾಗವಿರಲಿಲ್ಲ. ಆ ಹಾಡನ್ನು ಲಾಕ್ಸನ್ ತಾನೇ ಹಾಡಲು ಹೊರಟ. ಎರಡು ಸಾಲಿಗೇ ಜನ ರೇಗಿದರು. "ಇವನಲ್ಲ! ರೆಕಾರ್ಡಿನೋನು ಎಲ್ಲಿ?" ಕಿತ್ತಳೆ ಸಿಪ್ಪೆಗಳು ಹಾರಿಬಂದವು. ಹಿಂದಿನ ಗೋಡೆಗೆ ಒರಗಿದ್ದ ಬನಾ ಬೂಪೆ ಬಾಗಿಲ ಕಡೆ ಸರಿಯತೊಡಗಿದಳು.

ಆಗ ಗೆಳತಿಯರ ನಡುವೆ ಕೂತಿದ್ದ ಬೂಪೆ ಬೆಂಚಿನ ಮೇಲೆ ಹತ್ತಿ ನಿಂತಳು. "ಅವನು ಅಲ್ಲ, ಅವಳು! ಹಾಡಿದ್ದು ನಮ್ಮಮ್ಮ! ಅಲ್ಲಿದಾಳೆ ನೋಡಿ!"

ಸಭಾಂಗಣ ಗೊಳ್ಳೆಂದು ನಕ್ಕಿತು. ಬನಾ ಬೂಪೆ ಬಾಗಿಲಿಗೆ ಕೈ ಹಾಕಿದಳು. ಆದರೆ ಮಗಳು ಇಳಿದು ಬಂದು ಎಲ್ಲರೆದುರಿಗೇ ಕೈ ಹಿಡಿದು ವೇದಿಕೆಯವರೆಗೆ ಕರೆದುಕೊಂಡು ಹೋದಳು. ತಾಯಿ ಕಣ್ಣು ಮುಚ್ಚಿ ಬಾಯಿ ತೆರೆದಳು. ಒಂದೇ ಸಾಲು, ನಗು ನಿಂತಿತು. ಎರಡನೇ ಸಾಲಿಗೆ ಹೆಂಗಸರೆಲ್ಲ ಎದ್ದು ನಿಂತು ದನಿಗೂಡಿಸಿದರು. ಆ ಹಾಡನ್ನು ಅಂದು ಅವಳು ಮತ್ತೆ ಮತ್ತೆ ಹಾಡಬೇಕಾಯಿತು.

ಮುಂದಿನ ವಾರ ಎಫ್ರಾಯಿಮ್ ಮೇಷ್ಟ್ರು ಬಂದರು. ಬೈಯುತ್ತಾರೆಂದುಕೊಂಡಿದ್ದಳು. ಅವರು ಟೋಪಿ ತಿರುಗಿಸುತ್ತ, "ಹಾಡಿನ ದಪ್ಪ ಕೆಳದನಿಗೆ ಜನ ಸಾಲ್ತಿಲ್ಲಮ್ಮ. ಗಂಡಸರ ಸಾಲಲ್ಲಿ ನಿಲ್ತೀರಾ?" ಎಂದರು.

"ನಾನ್ಯಾಕೆ ಹೋಗಲಿ ಮೇಷ್ಟ್ರೇ? ಬೇಕಾದ್ರೆ ಅವರೇ ಬಂದು ನನ್ನ ಪಕ್ಕ ನಿಲ್ಲಲಿ."

ಹಾಗೆಯೇ ಆಯಿತು.

ಬ್ಯಾಂಡಿನ ಎರಡನೇ ರೆಕಾರ್ಡು ಎಂಟನೇ ಸ್ಥಾನದಿಂದ ಮೇಲೆ ಏಳಲಿಲ್ಲ. ಲಾಕ್ಸನ್ ಮುಖ ಸಪ್ಪಗೆ ಮಾಡಿಕೊಂಡು ರೇಡಿಯೊ ಆರಿಸಲು ಕೈ ಚಾಚಿದಾಗ ಬನಾ ಬೂಪೆ ಅವನ ಕೈ ಮೇಲೆ ಹೊಡೆದಳು. "ಇರೋ, ಹಾಡಿದವರು ಫೆಲೀಸ್ತಾ ಕಸೊಂಡೆ ಅಂತ ರೇಡಿಯೊದವನು ಈಗಷ್ಟೇ ಹೇಳಿದ. ಇನ್ನೊಂದು ಸಲ ಹೇಳ್ತಾನೇನೋ, ಕೇಳೋಣ."