ಅಂಟಕ್ಕನ ಹೊಸ ಅಂಟು

ಅಂಟಕ್ಕ ಎಂಬ ಹೆಸರನ್ನು ಅವಳಿಗೆ ಇಟ್ಟವರು ಹೊಟ್ಟೆಕಿಚ್ಚಿನವರು. ಶೂ ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳು ಅಂಟಿಸಿದ ಅಡಿಯ ಅಟ್ಟೆ ಎಂದೂ ಬಾಯಿಬಿಟ್ಟದ್ದಿಲ್ಲ. ಅಂಗಡಿಗಳಿಂದ ವಾಪಸು ಬಂದ ಜೋಡಿಗಳ ರಾಶಿಯಲ್ಲಿ ಅವಳ ಕೈಯದು ಹುಡುಕಿದರೂ ಸಿಗುತ್ತಿರಲಿಲ್ಲ. "ಅವಳು ಮುಟ್ಟಿದ್ರೆ ಕಲ್ಲಿಗೆ ಕಲ್ಲೂ ಅಂಟ್ಕೊಳ್ಳುತ್ತೆ, ದೂರ ನಿಲ್ರಮ್ಮ" ಎಂದು ಯಾರೋ ಉರಿದುಕೊಂಡು ಅಂದರು. ಅವಳು ಅದನ್ನೇ ಬಿರುದಿನಂತೆ ಹೊತ್ತು ತಿರುಗಿದಳು. ಕಾರ್ಖಾನೆಯ ಯಜಮಾನರೂ ಹಾಗೆಯೇ ಕರೆಯತೊಡಗಿದರು. ಪಕ್ಕದ ಮಣೆಯಲ್ಲಿ ಕೂತು ಅವಳಿಂದಲೇ ಕೆಲಸ ಕಲಿತ ಒಡಹುಟ್ಟಿದ ತಂಗಿಗೆ ಮಾತ್ರ ಅವಳು ಬರೀ ಅಕ್ಕ.

ಕೆಲಸದ ಕೋಣೆ ಉದ್ದನೆಯದು, ಸೂರು ತಗ್ಗು. ಎರಡೂ ಗೋಡೆಗೆ ಹೆಂಗಸರು ಸಾಲಾಗಿ ಕೂರುತ್ತಿದ್ದರು. ಪ್ರತಿಯೊಬ್ಬರ ಮುಂದೆ ಬಾಯಿ ತೆರೆದ ಅಂಟಿನ ಡಬ್ಬಿ, ಮೊಂಡಾದ ಬ್ರಷ್ಷು, ಮರದ ಅಚ್ಚಿಗೆ ಏರಿಸಿದ ಚರ್ಮ. ಹಸಿ ಅಂಟಿನ ಮೇಲೆ ಧೂಳು ಕೂತರೆ ಹಿಡಿತ ಸಡಿಲವಾಗುತ್ತದೆಂದು ಕಿಟಕಿಗಳನ್ನು ತೆರೆಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ವಾಸನೆ ಗಂಟಲಿಗಿಳಿದು ಕೂರುತ್ತಿತ್ತು. ಸಂಜೆ ಕೈಗೆ ಮೆತ್ತಿದ ಅಂಟನ್ನು, ಅಂಟು ಕರಗಿಸುವ ತಿನ್ನರ್‌ನಲ್ಲೇ ತೊಳೆಯುವುದು ವಾಡಿಕೆ. ಹೊಸದಾಗಿ ಸೇರಿದವರು ತಲೆ ಸುತ್ತುತ್ತೆ ಎಂದರೆ ಅಂಟಕ್ಕ ನಗುತ್ತಿದ್ದಳು. "ನಮಗೆ ಇದೇ ಅತ್ತರು ಕಣ್ರೇ. ಅಭ್ಯಾಸ ಆಗುತ್ತೆ."

ಆಮೇಲೊಂದು ದಿನ ಅಕ್ಕನ ಮೊಣಕೈ ಹತ್ತಿರ ತಂಗಿಗೆ ನೀಲಿ ಕಲೆ ಕಾಣಿಸಿತು.

"ಎಲ್ಲಿ ಪೆಟ್ಟು ಮಾಡ್ಕೊಂಡೆ?"

"ಬಾಗಿಲಿಗೆ ನಾನೇ ಗುದ್ದಿರ್ಬೇಕು. ಪಾಪ, ಬಾಗಿಲು."

ಆದರೆ ಕಲೆಗಳು ಕಾಲಿಗೂ ಹಬ್ಬಿದವು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಬಿಟ್ಟೂ ಬಿಡದ ಜ್ವರ ಹಿಡಿದಾಗ ಭಾವ, ಅಂದರೆ ಅಂಟಕ್ಕನ ಗಂಡ, ಬಸ್ಸು ಓಡಿಸುವ ಕೆಲಸಕ್ಕೆ ರಜೆ ಹಾಕಿ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದ. ಜೊತೆಗೆ ತಂಗಿಯೂ ಹೋದಳು. ರಕ್ತ ತೆಗೆದರು, ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು. ಕೊನೆಗೆ ಡಾಕ್ಟರಮ್ಮ ಮೂವರನ್ನೂ ಎದುರು ಕೂರಿಸಿಕೊಂಡು, ರಕ್ತದ ಕ್ಯಾನ್ಸರ್ ಎಂದು ನೇರವಾಗಿ ಹೇಳಿದರು. ಚಿಕಿತ್ಸೆ ಇದೆ, ಕಷ್ಟದ ಚಿಕಿತ್ಸೆ, ಇಂದಿನಿಂದಲೇ ಶುರುಮಾಡಬೇಕು ಎಂದೂ ಹೇಳಿದರು.

ಡಾಕ್ಟರಮ್ಮ ಮೆಲ್ಲಗೆ ಒಂದೊಂದೇ ಕೇಳಿದರು. ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಾರಾ? ಹಿಂದೆ ಯಾವತ್ತಾದರೂ ದೊಡ್ಡ ಕಾಯಿಲೆಗೆ ವಿಕಿರಣ ಚಿಕಿತ್ಸೆ ಕೊಟ್ಟಿದ್ದರಾ? ಏನು ಕೆಲಸ? ಅಂಟು ಎಂದಾಗ ಅವರ ಪೆನ್ನು ನಿಂತಿತು.

"ಕೆಲವು ಅಂಟಲ್ಲಿ, ತಿನ್ನರಲ್ಲಿ ಬೆಂಜೀನ್ ಅಂತ ಒಂದು ರಾಸಾಯನಿಕ ಇರುತ್ತೆ. ವರ್ಷಗಟ್ಟಲೆ ಉಸಿರಾಡಿದ್ರೆ, ರಕ್ತ ಹುಟ್ಟೋ ಮಜ್ಜೆಗೇ ಅದು ಪೆಟ್ಟು ಕೊಡಬಹುದು."

ಅಂಟಕ್ಕನ ಮುಖ ಬಿಗಿಯಾಯಿತು. ಕಾಯಿಲೆಯ ಹೆಸರು ಕೇಳಿದಾಗ ಅಲುಗದವಳು ಈ ಮಾತಿಗೆ ಕೆರಳಿದಳು.

"ನನ್ನ ಕೆಲಸಾನೇ ನನಗೆ ಹೀಗೆ ಮಾಡ್ತು ಅಂತೀರಾ?"

"ಅಷ್ಟು ಖಚಿತವಾಗಿ ಹೇಳಕ್ಕೆ ನನ್ನಿಂದಾಗಲ್ಲಮ್ಮ. ಏನೂ ಕಾರಣ ಸಿಗದೇ ಇದು ಎಷ್ಟೋ ಜನಕ್ಕೆ ಬರುತ್ತೆ. ಅಂಟಿನ ಜೊತೆ ಬಾಳಿದವರಿಗೆಲ್ಲ ಬರೋದೂ ಇಲ್ಲ. ಆದ್ರೆ ಅಪಾಯ ಇರೋದು ಸುಳ್ಳಲ್ಲ."

ಮೊದಲ ಸುತ್ತಿನ ಔಷಧಿ ಅವಳನ್ನು ಹಿಂಡಿ ಒಣಗಹಾಕಿತು. ಬಾಯೆಲ್ಲ ಹುಣ್ಣು. ಕೂದಲು ದಿಂಬಿನ ಮೇಲೇ ಉಳಿಯಿತು. ತಂಗಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ದಿನವೂ ಬಂದು ಕೂರುತ್ತಿದ್ದಳು. ಒಂದು ಸಂಜೆ ಅಕ್ಕ ಕಣ್ಣು ತೆರೆದು ಅವಳ ಸೆರಗನ್ನು ಮೂಸಿದಳು.

"ಕೆಲಸದಿಂದ ನೇರ ಬಂದ್ಯಾ?"

"ಹ್ಞೂಂ."

"ವಾಸನೆ ಬರ್ತಿದೆ. ಇಷ್ಟು ವರ್ಷ ನನಗೆ ಗೊತ್ತೇ ಆಗಿರ್ಲಿಲ್ಲ ನೋಡು." ಸೆರಗನ್ನು ಕೈಯಿಂದ ಸರಿಸಿದಳು. "ನಾಳೆಯಿಂದ ಬಾಗಿಲ ಪಕ್ಕ ಕೂತ್ಕೋ. ಯಾರು ಏನಂದ್ರೂ ಅಲ್ಲಿಂದ ಏಳ್ಬೇಡ."

ತಂಗಿ ಸ್ನಾನದ ಮನೆಗೆ ಹೋಗಿ ಅತ್ತುಬಂದಳು. ಉಸಿರಿಗೆ ಒದ್ದಾಡುತ್ತಿರುವವಳು ಇನ್ನೊಬ್ಬರ ಉಸಿರಿನ ಚಿಂತೆ ಮಾಡುತ್ತಿದ್ದಳಲ್ಲ! ಮರುದಿನ ಅವಳು ಬಾಗಿಲ ಪಕ್ಕದ ಮಣೆ ಹಿಡಿದಳು, ಬಿಡಲಿಲ್ಲ.

ಅಂಟಕ್ಕ ಬದುಕಿದಳು. ಸುತ್ತಿನ ಮೇಲೆ ಸುತ್ತು ಚಿಕಿತ್ಸೆ ಮುಗಿದು ರಕ್ತದಲ್ಲಿ ಕಾಯಿಲೆಯ ಸುಳಿವಿಲ್ಲ ಎಂದರು ಡಾಕ್ಟರಮ್ಮ. ತಪ್ಪದೆ ತಪಾಸಣೆಗೆ ಬರಬೇಕು, ಆ ಅಂಟಿನ ತಂಟೆಗೆ ಮಾತ್ರ ಮತ್ತೆ ಹೋಗಕೂಡದು. ತಲೆಯ ಮೇಲೆ ಎಳೆಗರಿಕೆಯ ಹಾಗೆ ಕೂದಲು ಮೂಡುತ್ತಿದ್ದಾಗ ಯಜಮಾನರು ಹಣ್ಣು ಹಿಡಿದುಕೊಂಡು ನೋಡಲು ಬಂದರು.

ಯಜಮಾನರು ಕೆಟ್ಟವರಲ್ಲ. ಕುರ್ಚಿಯ ತುದಿಯಲ್ಲಿ ಕೂತು ಕ್ಷೇಮ ವಿಚಾರಿಸಿದರು. ಅಂಟಿನ ಮಾತು ಬಂದಾಗ ಮಾತ್ರ ಅವರ ಮುಖವೂ ಬಿಗಿಯಾಯಿತು.

"ನಾನೂ ಅದೇ ಕೋಣೇಲಿ ಕೂತಿದ್ದೀನಲ್ಲ ಅಂಟಕ್ಕ, ನನಗೇನಾಗಿದೆ?"

"ಆಗದೇ ಇರ್ಲಿ ಸಾಮಿ. ಯಾರಿಗೆ ಆಗುತ್ತೆ ಅಂತ ಹಣೇಲಿ ಬರೆದಿರಲ್ಲ. ನನ್ನ ತಂಗಿ ಅಲ್ಲಿ ಕೂತಿದ್ದಾಳೆ. ನಿಮ್ಮ ಸೊಸೆ ಕೂತಿದ್ದಾಳೆ."

ಯಜಮಾನರು ತಲೆ ತಗ್ಗಿಸಿದರು. ನೀರಿನ ಅಂಟು ಎಂಬುದೊಂದಿದೆ, ಅದರಲ್ಲಿ ಆ ರಾಸಾಯನಿಕ ಇಲ್ಲ, ಒಮ್ಮೆ ತರಿಸಿಯೂ ಇದ್ದೆ ಎಂದರು. "ಮೊದಲ ಮಳೆಗೇ ಅಟ್ಟೆಗಳೆಲ್ಲ ಬಾಯಿ ಕಿಸಿದ್ವು. ಅಂಗಡಿಯವರು ನನ್ನ ಮುಖಕ್ಕೇ ಎಸೆದ್ರು."

"ಆಗ ನನ್ನನ್ನ ಕೇಳಿದ್ರಾ?"

"ನೀನೇ ಅಲ್ವೇ ಮೂಗು ಮುರಿದವಳು? ಹಾಲಿನ ಹಾಗಿದೆ, ಮಗೂಗೆ ಕುಡಿಸಿ ಅಂದಿದ್ದೆ."

ಅಂಟಕ್ಕ ನಕ್ಕಳು. ಕಾಯಿಲೆ ಬಿದ್ದ ಮೇಲೆ ತಂಗಿ ಆ ನಗು ಕೇಳಿದ್ದು ಅಂದೇ. "ಸರಿ, ಒಂದು ಡಬ್ಬಿ ಕಳಿಸಿ. ಈ ಸಲ ಶೂಗೇ ಕುಡಿಸ್ತೀನಿ."

ಡಾಕ್ಟರಮ್ಮನನ್ನು ಕೇಳದೆ ಅವಳು ಡಬ್ಬಿ ಮುಟ್ಟಲಿಲ್ಲ. ಅವರು ಡಬ್ಬಿಯ ಮೇಲಿನ ಬರಹವನ್ನೆಲ್ಲ ಓದಿ, ಬಯಲಲ್ಲಿ ಕೂತು, ಕೈಗವಸು ಹಾಕಿಕೊಂಡು, ದಣಿವಾಗುವ ಮುಂಚೆ ಎದ್ದುಬಿಡುವುದಾದರೆ ಆಗಲಿ ಎಂದರು. ಮನೆಯ ಹಿಂದಿನ ಅಂಗಳದಲ್ಲಿ ಪ್ರಯೋಗ ಶುರುವಾಯಿತು. ಮೊದಲನೆಯ ಅಟ್ಟೆ ಕೈಗೇ ಕಿತ್ತುಬಂತು. ಆಮೇಲಿನದು ಬಕೆಟ್ಟಿನ ನೀರಲ್ಲಿ ಅದ್ದಿದ ಕೂಡಲೇ ಶರಣಾಯಿತು. ತಂಗಿಗೆ ಆಸೆ ಬತ್ತಿತು. ಅಕ್ಕನಿಗೆ ಹಠ ಏರಿತು. ಹಳೆಯ ಅಂಟು ಕ್ಷಣದಲ್ಲಿ ಹಿಡಿಯುವಂಥದ್ದು, ಹೊಸದಕ್ಕೂ ಎಲ್ಲರೂ ಅದೇ ಅವಸರದ ಕೈ ಹಾಕಿದ್ದರು. ಇದಕ್ಕೆ ಬೇರೆ ಹದ ಇರಬೇಕು ಎಂದು ಅವಳು ದಿನಗಟ್ಟಲೆ ಅದನ್ನೇ ನೋಡುತ್ತ ಕೂತಳು. ಚರ್ಮಕ್ಕೂ ಅಟ್ಟೆಗೂ ತೆಳ್ಳಗೆ ಬಳಿದು, ಹಾಲುಬಿಳುಪು ಹೋಗಿ ಗಾಜಿನಂತೆ ತಿಳಿಯಾಗುವವರೆಗೆ ಕಾದು, ಆಮೇಲೆ ಬಿಸಿ ತಾಗಿಸಿ ಒತ್ತಿದರೆ ಅದು ಉಡದ ಪಟ್ಟು ಹಿಡಿಯುತ್ತಿತ್ತು.

ಆ ಜೋಡಿಯನ್ನು ಭಾವನ ಕಾಲಿಗೆ ಹಾಕಿದರು.

"ನಾನೇನು ನಿಮಗೆ ಪ್ರಯೋಗದ ಇಲಿಯಾ?"

"ಇಲಿ ಇಷ್ಟು ಗೊಣಗಲ್ಲ, ನಡೀರಿ," ಎಂದಳು ಅಂಟಕ್ಕ.

ಭಾವ ಅದನ್ನು ಹಾಕಿಕೊಂಡೇ ಬಸ್ಸು ಓಡಿಸಿದ, ಕೆಸರು ತುಳಿದ, ನೀರು ನಿಂತ ಗುಂಡಿಗಳನ್ನು ಹುಡುಕಿ ಹುಡುಕಿ ಕಾಲಿಟ್ಟ. ಕೊನೆಗೆ ಅಂಟಕ್ಕ ಆ ಶೂಗಳನ್ನು ತೊಳೆದು ಕಾರ್ಖಾನೆಗೆ ಒಯ್ದಳು. ಒಳಗೆ ಹೋಗಲಿಲ್ಲ, ಅಂಗಳದಲ್ಲೇ ನಿಂತಳು. ಹೆಂಗಸರೆಲ್ಲ ಹೊರಗೆ ಬಂದರು. ಕೆಲವರ ಕಣ್ಣಲ್ಲಿ ನೀರು, ಕೆಲವರ ಮುಖದಲ್ಲಿ ಇವಳಿಂದ ಎಲ್ಲಿ ಕೆಲಸಕ್ಕೇ ಕುತ್ತು ಬರುವುದೋ ಎಂಬ ಅಳುಕು. ಅವಳು ಒಂದು ಇಕ್ಕಳವನ್ನು ಯಜಮಾನರ ಕೈಗೆ ಕೊಟ್ಟಳು.

"ಕೀಳಿ."

ಯಜಮಾನರು ಅಟ್ಟೆಯ ಅಂಚು ಹಿಡಿದು ಎಳೆದರು. ಕಾಲೂರಿ ಎಳೆದರು. ಮುಖ ಕೆಂಪೇರಿತು. ಕಡೆಗೆ ಚರ್ರನೆ ಸದ್ದಾಯಿತು. ಹರಿದದ್ದು ಚರ್ಮ. ಅಂಟಿದ ಜಾಗ ಅಂಟಿದಂತೆಯೇ ಇತ್ತು. ಆಮೇಲೆ ಯಜಮಾನರು ಶೂವನ್ನು ತಿರುಗಿಸಿ ತಿರುಗಿಸಿ ನೋಡಿ, "ಈ ಹದ ನಮ್ಮ ಹೆಂಗಸರಿಗೂ ಹೇಳಿಕೊಡ್ತೀಯಾ ಅಕ್ಕ?" ಎಂದರು. ತಂಗಿಯ ಎದೆ ಉಬ್ಬಿದ್ದನ್ನು ಯಾರಾದರೂ ನೋಡಿದ್ದರೆ ಶೂ ಅಂಟಿಸಿದವಳು ಅವಳೇ ಎಂದುಕೊಳ್ಳುತ್ತಿದ್ದರು.

ಬದಲಾವಣೆ ಹೂವಿನ ಸರ ಎತ್ತಿದಷ್ಟು ಸುಲಭವಾಗಲಿಲ್ಲ. ಹೊಸ ಹದಕ್ಕೆ ಹೊತ್ತು ಹೆಚ್ಚು ಹಿಡಿಯುತ್ತಿತ್ತು, ಹೆಂಗಸರು ಗೊಣಗಿದರು, ಕೆಲವು ಜೋಡಿ ಕೆಟ್ಟವು. ಅಂಟಕ್ಕ ಅಂಗಳದಲ್ಲಿ ಮಣೆ ಹಾಕಿಕೊಂಡು ಒಬ್ಬೊಬ್ಬರ ಕೈಯನ್ನೂ ತಿದ್ದಿದಳು. ಹಳೆಯ ಡಬ್ಬಿಗಳು ಹೋದವು. ಗಾಳಿ ಹೊರಗೆಳೆಯುವ ಫ್ಯಾನು ಗೋಡೆಯಲ್ಲಿ ಕೂತಿತು, ಕಿಟಕಿಗಳು ತೆರೆದವು. ಧೂಳಿಗೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿದರಾಯಿತು. ಇಷ್ಟು ಸುಲಭದ ಉಪಾಯ ಯಾರಿಗೂ ಹೊಳೆದಿರಲಿಲ್ಲವಲ್ಲ ಎಂದು ಎಲ್ಲರೂ ನಾಲಿಗೆ ಕಚ್ಚಿಕೊಂಡರು.

ಸುದ್ದಿ ಬೀದಿ ದಾಟಿತು. ಬೇರೆ ಕಾರ್ಖಾನೆಯೊಂದರ ಹೆಂಗಸರು ತಮ್ಮ ಯಜಮಾನನನ್ನು ಒಪ್ಪಿಸಿ ಅವಳನ್ನು ಕರೆಸಿಕೊಂಡರು. ಬಿಸಿ ಕೊಡುವ ಯಂತ್ರ ಹೊತ್ತು ತಂಗಿಯೂ ಜೊತೆಗೆ ಹೋದಳು. ಅಲ್ಲಿನ ಅಂಗಳದಲ್ಲಿ ಅಂಟು ತಿಳಿಯಾಗುವುದನ್ನು ಕಾಯುತ್ತಿರುವಾಗ ಮುಂದಿನ ಸಾಲಿನ ಬಸುರಿ ಹೆಂಗಸೊಬ್ಬಳು ಅಳುಕುತ್ತ ಕೇಳಿದಳು: "ಅಕ್ಕಾ, ನಿಮಗೆ ಕಾಯಿಲೆ ಬಂದಿದ್ದು ಆ ಅಂಟಿಂದಲೇನಾ?"

"ಗೊತ್ತಿಲ್ಲ ಕಣಮ್ಮ. ಡಾಕ್ಟರಮ್ಮನೂ ಆಣೆ ಮಾಡಿ ಹೇಳಿಲ್ಲ, ನಾನು ಹೇಗೆ ಹೇಳ್ಲಿ? ಬರಬಹುದು ಅಂತ ಗೊತ್ತಾದ ಮೇಲೂ ಅದರ ಮುಂದೆ ಮೂಗು ಒಡ್ಡಿ ಕೂರೋದು ಯಾಕೆ, ಅಷ್ಟೇ ನನ್ನ ಮಾತು." ಅಂಟಕ್ಕ ಅಟ್ಟೆಯನ್ನು ಬೆಳಕಿಗೆ ಹಿಡಿದಳು. "ನೋಡಿ, ತಿಳಿಯಾಯ್ತು. ಯಾರು ಒತ್ತುತ್ತೀರಿ?"

ಬಸುರಿ ಹೆಂಗಸು ಕೈಗವಸು ಏರಿಸಿಕೊಂಡು ಮುಂದೆ ಬಂದಳು. ತಂಗಿ ಯಂತ್ರದ ಗುಂಡಿ ಒತ್ತಿದಳು.