ನೆರೆಮನೆಯ ಟೊಮೆಟೊ

ಮದುವೆಯಾಗಿ ನಾನು ದಾಂಡೇಲಿಗೆ ಬಂದಾಗ ಅಲ್ಲಿ ಕಾಗದದ ಕಾರ್ಖಾನೆ ಇನ್ನೂ ಹೊಸದು. ನಮ್ಮವರಿಗೆ ಅಲ್ಲೇ ಯಂತ್ರಗಳ ವಿಭಾಗದಲ್ಲಿ ಕೆಲಸ. ಇರಲು ಒಂದು ಕ್ವಾರ್ಟರ್ಸು, ಹಿಂದೆ ಒಂದಷ್ಟು ಹಿತ್ತಲು. ನಮ್ಮ ಹಿತ್ತಲಿಗೂ ಪಕ್ಕದವರ ಹಿತ್ತಲಿಗೂ ನಡುವೆ ಎದೆಯೆತ್ತರದ ಬಿದಿರಿನ ಬೇಲಿ. ಬೇಲಿಯ ಆ ಕಡೆ ಬೆಳಗಾವಿ ಸೀಮೆಯ ಒಬ್ಬ ಹೆಣ್ಣುಮಗಳು ಗಂಡನೊಂದಿಗೆ ಇದ್ದರು. ನನಗಿಂತ ವಯಸ್ಸಿನಲ್ಲಿ ದೊಡ್ಡವರು. ನಾನು ಅವರನ್ನು ಅಕ್ಕಾರು ಎನ್ನುತ್ತಿದ್ದೆ.

ಮೊದಮೊದಲು ಅವರನ್ನು ಕಂಡರೆ ನನಗೆ ಪ್ರೀತಿಯೇ. ಹೊಸ ಊರಿನಲ್ಲಿ ಗೋಧಿ ಎಲ್ಲಿ ಬೀಸಿಸಬೇಕು, ಒಣಗಿದ ಕಟ್ಟಿಗೆ ಯಾರು ತಂದುಕೊಡುತ್ತಾರೆ, ಎಲ್ಲ ಹೇಳಿಕೊಟ್ಟವರು ಅವರೇ. ಒಂದು ದಿನ ಬೇಲಿಯ ಮೇಲಿಂದ ಹಿತ್ತಾಳೆಯ ಬೋಗುಣಿ ಚಾಚಿ, “ನಮ್ಮ ಹಿತ್ತಲದ ಟಮಾಟಿ ಸಾರು ಮಾಡೇನಿ. ನಿಮ್ಮ ಮನಿಯವರಿಗೆ ಹಾಕ್ರಿ,” ಎಂದರು.

ನಮ್ಮವರು ಊಟದ ಬಗ್ಗೆ ಮಾತಾಡುವವರಲ್ಲ. ಹಾಕಿದ್ದನ್ನು ಉಂಡು, ಕೈ ತೊಳೆದು, ಏಳುವ ಸ್ವಭಾವ. ಆ ದಿನ ಅನ್ನ ಮುಗಿದ ಮೇಲೂ ಬೋಗುಣಿ ಎತ್ತಿ ಉಳಿದ ಸಾರು ಕುಡಿದರು. “ಏನ್ ರುಚಿ ಐತಿ ನೋಡ! ಹಣ್ಣಿನ ವಾಸನಿನೇ ಬ್ಯಾರೆ,” ಎಂದರು.

ಮದುವೆಯಾದಾಗಿನಿಂದ ನಾನು ಮಾಡಿದ ಒಂದು ಪದಾರ್ಥಕ್ಕೂ ಅವರ ಬಾಯಿಂದ ಇಂಥ ಮಾತು ಬಂದಿರಲಿಲ್ಲ. ಬೋಗುಣಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಉಜ್ಜಿ ತೊಳೆದು ಹಿಂದಿರುಗಿಸಿದೆ.

ಅಂದಿನಿಂದ ಬೇಲಿಯ ಆಚೆ ನೋಡುವುದೇ ನನಗೆ ಕೆಲಸವಾಯಿತು. ಅವರ ಗಿಡಗಳು ಕುಳ್ಳಗೆ, ಅಷ್ಟೇನೂ ಹಸಿರಾಗಿ ಇರಲಿಲ್ಲ. ಹಣ್ಣು ಚಿಕ್ಕವು, ಕೆಲವು ಸೊಟ್ಟ. ಇವುಗಳಿಗೆ ಇಷ್ಟು ಹೊಗಳಿಕೆಯೇ ಅನ್ನಿಸಿತು. ನಮ್ಮವರ ಜೊತೆ ಕೆಲಸ ಮಾಡುವವರೊಬ್ಬರು ಬೆಳಗಾವಿಗೆ ಹೊರಟಿದ್ದರು. ಅವರ ಕೈಯಲ್ಲಿ ಟೊಮೆಟೊ ಬೀಜದ ಪೊಟ್ಟಣ ತರಿಸಿದೆ. ಪೊಟ್ಟಣದ ಮೇಲೆ ಮುಷ್ಟಿಗಾತ್ರದ ಕೆಂಪು ಹಣ್ಣಿನ ಚಿತ್ರವಿತ್ತು.

ದಾಂಡೇಲಿಯ ಮಳೆಯಲ್ಲಿ ಟೊಮೆಟೊ ನಿಲ್ಲುವುದಿಲ್ಲ, ಬುಡ ಕೊಳೆಯುತ್ತದೆ. ಮಳೆ ಹಿಂದಾದ ಮೇಲೆ ಸಸಿ ಹಚ್ಚಿದೆ. ದನದ ಗೊಬ್ಬರ ಹಾಕಿದೆ, ಸಂಜೆ ಮುಂಜಾನೆ ಕೊಡಗಟ್ಟಲೆ ನೀರು ಸುರಿದೆ. ಸಂಕ್ರಾಂತಿಯ ಹೊತ್ತಿಗೆ ಚಿತ್ರದಲ್ಲಿದ್ದಂಥ ಹಣ್ಣುಗಳೇ ತೂಗಿದವು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅಕ್ಕಾರೂ ಬೇಲಿಯ ಹತ್ತಿರ ಬಂದು, “ಅಬಬಾ, ಏನ್ ಚೆಂದ ಬಿಟ್ಟಾವ್ರಿ!” ಎಂದರು. ಅವರ ದನಿಯಲ್ಲಿ ಒಂದಿಷ್ಟು ನೋವಿದೆಯೇ ಎಂದು ಕಿವಿಗೊಟ್ಟು ಕೇಳಿದೆ. ಇರಲಿಲ್ಲ. ಅದೂ ನನಗೆ ಹಿಡಿಸಲಿಲ್ಲ, ಮುಖ ತಿರುಗಿಸಿಕೊಂಡು ಒಳಗೆ ಹೋದೆ.

ಆ ಹಣ್ಣು ಹೆಚ್ಚಿದಾಗ ಒಳಗೆ ಬರೀ ನೀರು. ಹುಳಿಯಿಲ್ಲ, ಸಿಹಿಯಿಲ್ಲ, ಪರಿಮಳವಂತೂ ಇಲ್ಲವೇ ಇಲ್ಲ. ಸಾರಿಗೆ ಹುಳಿ ಸಾಲದೆ ಹುಣಸೆ ಕಿವುಚಿದೆ. ನಮ್ಮವರು ಒಂದು ತುತ್ತು ಉಂಡು, “ಇವತ್ತು ಟಮಾಟಿ ಸಾರು ಅಂದಿದ್ದಿ?” ಎಂದು ಕೇಳಿದರು. ಪಾಪ, ಅವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ನಾನು ಒಲೆಯ ಕಡೆ ತಿರುಗಿ ಕುಳಿತೆ.

ಹಾಗಾದರೆ ರುಚಿ ತಳಿಯಲ್ಲಿದೆ, ಚಿತ್ರದಲ್ಲಿಲ್ಲ ಎಂದು ತಿಳಿಯಿತು. ಅಕ್ಕಾರನ್ನೇ ಬೀಜ ಕೇಳಬಹುದಿತ್ತು. ಆದರೆ ಅವರ ಬೀಜ ಊರಿ ಅವರಂತೆ ಸಾರು ಮಾಡಿದರೆ ಗೆದ್ದವರು ಯಾರು? ಅವರದಕ್ಕಿಂತ ಒಳ್ಳೆಯದನ್ನು ನಾನೇ ಹುಡುಕಬೇಕು ಎಂದು ಹಟ ಹಿಡಿದೆ.

ಹಳಿಯಾಳದ ಸಂತೆಗೆ ಹೋದೆ. ಟೊಮೆಟೊ ಗುಡ್ಡೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ಮೂಸುತ್ತಾ ಹೋದೆ. ಹಣ್ಣಿನ ತೊಟ್ಟಿನ ಹತ್ತಿರ ಮೂಗು ಹಿಡಿದರೆ ಕೆಲವಕ್ಕೆ ಎಲೆಯ ಗಾಟು ವಾಸನೆ, ಕೆಲವಕ್ಕೆ ಏನೂ ಇಲ್ಲ. ಒಬ್ಬ ಮುದುಕಿ ರೇಗಿದಳು: “ಏನವ್ವಾ, ಹೂವ ಮೂಸಿದಂಗ ಮೂಸ್ತಿ! ತೊಗೊಳ್ಳಾಕ ಬಂದೀಯೋ, ಮೂಸಾಕ ಬಂದೀಯೋ?”

“ಬೀಜಕ್ಕ ಬೇಕಾಗೈತಿ, ಅಜ್ಜಿ. ರುಚಿ ಇದ್ದದ್ದು ಯಾವುದು?”

ಮುದುಕಿ ಮೆತ್ತಗಾದಳು. ಬುಟ್ಟಿಯ ತಳದಿಂದ ಕುಂಬಳಕಾಯಿಯಂತೆ ಗೆರೆಗೆರೆಯಾಗಿದ್ದ, ತೊಟ್ಟಿನ ಸುತ್ತ ಇನ್ನೂ ಹಸಿರಿದ್ದ ಒಂದು ಹಣ್ಣು ತೆಗೆದು ಕೊಟ್ಟಳು. “ಜವಾರಿ ಐತಿ. ನೋಡಾಕ ಚೆಂದಿಲ್ಲಂತ ಯಾರೂ ಒಯ್ಯಂಗಿಲ್ಲ. ತಿಂದ ನೋಡ.” ಅಲ್ಲೇ ಕಚ್ಚಿದೆ. ಮೊದಲು ಹುಳಿ, ಹಿಂದೆಯೇ ಸಿಹಿ, ಆಮೇಲೆ ಮೂಗಿಗೆ ಏರುವ ಒಂದು ಘಮ. ಕೊಂಡು ಚೀಲಕ್ಕೆ ಹಾಕಿಕೊಂಡೆ. ಅದೇ ಸಂತೆಯಲ್ಲಿ ಜೋಯಿಡಾ ಕಡೆಯ, ಕೊಂಕಣಿ ಆಡುವ ಹೆಂಗಸೊಬ್ಬಳ ಹತ್ತಿರ ಗೋಲಿಯಂಥ ಸಣ್ಣ ಹಣ್ಣು ಸಿಕ್ಕಿತು. ಮುಂದೆ ಮುಂಡಗೋಡ ತಾಲೂಕಿನ ಚಿಗಳ್ಳಿಯ ತವರಿಗೆ ಹೋದಾಗ, ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ್ದ ಗಿಡದ ಹಣ್ಣೂ ತಂದೆ. ಬೀಜದ ಲೋಳೆ ಹೋಗುವಂತೆ ನೀರಿನಲ್ಲಿ ನೆನೆಹಾಕಿ, ತೊಳೆದು, ಹಳೇ ಧೋತರದ ತುಂಡಿನ ಮೇಲೆ ಒಣಗಿಸಿ ಇಟ್ಟೆ.

ಮುಂದಿನ ಹಂಗಾಮಿನಲ್ಲಿ ಮೂರನ್ನೂ ಬೇರೆಬೇರೆ ಸಾಲಿನಲ್ಲಿ ಬೆಳೆದೆ. ಸಣ್ಣದು ಚಟ್ನಿಗೆ ಚೆಂದ, ಆದರೆ ಸಿಪ್ಪೆ ಗಡುಸು. ಚಿಗಳ್ಳಿಯದು ತಿರುಳು ತುಂಬಿದ್ದು, ಪಲ್ಯಕ್ಕೆ ಒದಗುತ್ತಿತ್ತು, ಸಾರಿಗೆ ಸಪ್ಪೆ. ಹಳಿಯಾಳದ ಗೆರೆಗೆರೆಯ ಹಣ್ಣೇ ಎಲ್ಲಕ್ಕೂ ಮೇಲು. ಅದರ ಸಾರು ಮಾಡಿ ಬಡಿಸಿ, ನಮ್ಮವರ ಮುಖವನ್ನೇ ನೋಡುತ್ತಾ ಕೂತೆ.

“ಚಲೋ ಆಗೈತಿ,” ಎಂದರು. ನನ್ನ ಜೀವ ಹೂವಾಯಿತು. “ಥೇಟ್ ಬಾಜೂ ಮನಿಯವರ ಸಾರಿನಂಗ ಆಗೈತಿ.”

ಆ ಮಾತು ಅವರು ಮೆಚ್ಚುಗೆಯಿಂದಲೇ ಆಡಿದ್ದು. ನನಗೆ ಮಾತ್ರ ಉಣ್ಣಲು ಆಗಲಿಲ್ಲ.

ಮರುದಿನ ಅಕ್ಕಾರು ಬೇಲಿಯ ಹತ್ತಿರ ಬಂದು ಗೆರೆಹಣ್ಣಿನ ಬೀಜ ಕೇಳಿದರು. ಅವರು ನನ್ನನ್ನು ಕೇಳಿದರಲ್ಲ ಎಂಬ ಹೆಮ್ಮೆಯಲ್ಲಿ ಹೇರಳವಾಗಿಯೇ ಕೊಟ್ಟೆ. ನನ್ನ ತಳಿ ಅವರ ಹಿತ್ತಲಲ್ಲಿ ಬೆಳೆದು, ಯಾರ ಹಣ್ಣು ಮೇಲು ಎಂದು ಅವರಿಗೂ ತಿಳಿಯಲಿ ಎಂದುಕೊಂಡೆ.

ಮರುವರ್ಷ ಇಬ್ಬರ ಹಿತ್ತಲಲ್ಲೂ ಅದೇ ಹಣ್ಣು. ಅವರು ತಮ್ಮ ಗಿಡದ ಮೊದಲ ಹಣ್ಣು ತಂದು ನನ್ನ ಕೈಯಲ್ಲಿಟ್ಟರು. ಅರ್ಧ ತಿಂದೆ. ನನ್ನ ಹಣ್ಣಿಗಿಂತ ಸಿಹಿ, ನನ್ನ ಹಣ್ಣಿಗಿಂತ ಘಮ. ನಾನು ಆರಿಸಿದ ತಳಿಯಲ್ಲೇ ಅವರು ನನ್ನನ್ನು ಸೋಲಿಸಿದ್ದರು. ಕಣ್ಣಲ್ಲಿ ನೀರು ಬಂತು. ಹುಳಿಗೆ ಬಂತು ಎಂದು ಅವರು ತಿಳಿಯಲಿ ಅಂತ ಮುಖ ಕಿವುಚಿದೆ.

“ಏನ್ ಹಾಕ್ತೀರಿ ಅಕ್ಕಾರ?” ಕೊನೆಗೂ ಕೇಳಿಬಿಟ್ಟೆ.

“ಹಾಕೂದೇನಿಲ್ಲವಾ. ಕಾಯಿ ಬಣ್ಣ ತಿರಗಾಕ ಹತ್ತಿದ ಮ್ಯಾಲ ನೀರು ಕಮ್ಮಿ ಮಾಡ್ತೇನಿ. ಎಲಿ ಸ್ವಲ್ಪ ಬಾಡಿದ್ರೂ ಹಂಗ ಬಿಡ್ತೇನಿ. ನೀ ಹಣ್ಣ ಹರಿಯೂ ತನಕ ಕೊಡದ ಮ್ಯಾಲ ಕೊಡ ಸುರೀತಿ. ರುಚಿ ಎಲ್ಲಿ ನಿಂದರಬೇಕು?”

“ಮೊದಲ ಯಾಕ ಹೇಳಲಿಲ್ರಿ?”

“ಹೇಳಬೇಕಂತ ಬೇಲಿಗೆ ಬಂದಾಗೆಲ್ಲಾ ನೀ ಮಾರಿ ತಿರುವಿಕೊಂಡು ಒಳಗ ಹೋಗತಿದ್ದಿ. ಹೊಸಾ ಹುಡುಗಿ, ಯಾಕ ಸಿಟ್ಟಾಗ್ಯಾಳೋ ಅಂತ ಸುಮ್ಮನಾದೆ.”

ಆ ಸಂಜೆ ಗಿಡಕ್ಕೆ ನೀರು ಹಾಕಲಿಲ್ಲ. ಎಲೆಗಳು ಜೋತುಬಿದ್ದದ್ದನ್ನು ನೋಡಿದರೆ ಕೊಡ ಎತ್ತಲು ಕೈ ತುರಿಸುತ್ತಿತ್ತು, ತಡೆದುಕೊಂಡೆ. ಆಮೇಲೆ ಹಣ್ಣಾದವುಗಳ ರುಚಿ ನಿಜವಾಗಿಯೂ ಬೇರೆಯಾಗಿತ್ತು.

ಕ್ವಾರ್ಟರ್ಸಿನ ಉಳಿದ ಹೆಂಗಸರಿಗೂ ಆ ಹಣ್ಣಿನ ಸುದ್ದಿ ಮುಟ್ಟಿತು. ಬೀಜ ಕೇಳಲು ಅವರು ಹೋಗುತ್ತಿದ್ದುದು ಅಕ್ಕಾರ ಬಾಗಿಲಿಗೇ. “ಇದು ಈಕಿ ಹಳಿಯಾಳ ಸಂತ್ಯಾಗ ಹುಡುಕಿ ಆರಿಸಿ ತಂದದ್ದು, ನಂದಲ್ಲ,” ಎಂದು ಪ್ರತಿಯೊಬ್ಬರಿಗೂ ಹೇಳಿ, ಬೇಲಿಯಾಚೆಯಿಂದ ನನ್ನನ್ನು ಕರೆದು ತೋರಿಸುತ್ತಿದ್ದರು. ನಾನು ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತು ನಗುತ್ತಿದ್ದೆ. ನನಗೆ ಸಲ್ಲಬೇಕಾದ್ದನ್ನು ಇಷ್ಟು ಸುಲಭವಾಗಿ ಕೊಟ್ಟುಬಿಡುವ ಆ ಮನಸ್ಸು ಅವರಿಗೆ ಎಲ್ಲಿಂದ ಬಂತೋ! ಟೊಮೆಟೊಗಿಂತ ಹೆಚ್ಚಾಗಿ ಅದಕ್ಕೇ ನನಗೆ ಹೊಟ್ಟೆ ಉರಿಯುತ್ತಿತ್ತು.